ಜಿರೊಕಾಸ್ಟರ್‌ಗೆ ಒಂದು ಹಗಲು ಸಾಕಾ?

ಸರಾಂಡಾದಿಂದ ಬೆಳಗ್ಗೆ ಹೊರಟು ಸಂಜೆ ವಾಪಸ್ ಬಂದರೆ ಅಲ್ಬೇನಿಯಾದ ಜಿರೊಕಾಸ್ಟರ್ ನೋಡಿದ ಹಾಗಾಗುತ್ತಾ ಅಂತ ಕೇಳಿದ್ದೀರಿ. ಕೋಟೆ, ಪೇಟೆ ಎರಡೂ ಆಗುತ್ತವೆ. ಆದರೆ ಆ ಊರಿಗೆ ಹೆಸರು ಬಂದಿರುವುದೇ ಕಲ್ಲಿನ ಮನೆಗಳಿಂದ ಅಲ್ವಾ? 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಅದಕ್ಕೇ. ನಾನು ಮೊದಲ ಸಲ ನಿಮ್ಮ ಹಾಗೇ ಹೋಗಿದ್ದೆ, ಒಂದು ಮನೆಯ ಒಳಗೂ ಕಾಲಿಡದೆ ಬಸ್ ಹತ್ತಬೇಕಾಯಿತು. ದಯವಿಟ್ಟು ಒಂದು ರಾತ್ರಿ ಉಳಿಯಿರಿ.

ಎರಡನೇ ಸಲ ಸ್ಕೆಂದುಲಿ ಮನೆಗೆ ಹೋದೆ. ಕಮ್ಯುನಿಸ್ಟರ ಕಾಲದಲ್ಲಿ ಸರ್ಕಾರ ಕಿತ್ತುಕೊಂಡಿದ್ದ ಮನೆ ಅದು, ಆಮೇಲೆ ಮನೆಯವರಿಗೇ ವಾಪಸ್ ಸಿಕ್ಕಿತು. ಕೆಳಗೆ ದಪ್ಪ ಗೋಡೆ, ಪುಟ್ಟ ಕಿಟಕಿ. ಥೇಟ್ ಕೋಟೆಯ ಹಾಗೆ. ಮೇಲೆ ಹೋದಂತೆ ಕಿಟಕಿಗಳು ದೊಡ್ಡದಾಗುತ್ತವೆ, ಬೆಳಕು ಜಾಸ್ತಿಯಾಗುತ್ತದೆ. ಮಾಡಿಗೆ ಹೆಂಚಿಲ್ಲ, ಕಲ್ಲಿನ ಚಪ್ಪಡಿಯನ್ನೇ ಹೊದಿಸಿದ್ದಾರೆ. ಅದರ ಮೇಲೆ ಬಿದ್ದ ಮಳೆನೀರು ಸೀದಾ ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ. ಗುಡ್ಡದ ಮೇಲೆ ನೀರಿಗೆ ಎಷ್ಟು ಬೆಲೆ ಇತ್ತು ಅಂತ ಆ ತಣ್ಣನೆಯ ತೊಟ್ಟಿಯ ಪಕ್ಕ ನಿಂತಾಗ ನನಗೆ ತಿಳಿಯಿತು.

ಮೇಲಿನ ಅತಿಥಿಗಳ ಕೋಣೆಯಲ್ಲಿ ಸುಮ್ನೆ ಸ್ವಲ್ಪ ಹೊತ್ತು ಕೂತಿರಿ. ಕೆತ್ತನೆಯ ಮರದ ಚಾವಣಿ, ಬಣ್ಣ ಬಳಿದ ಅಗ್ಗಿಷ್ಟಿಕೆ, ಗೋಡೆಯುದ್ದಕ್ಕೂ ಜಗಲಿಯಂಥ ಆಸನ. ಒಂದು ಕಡೆ ಮರದ ಜಾಲರಿ ಇದೆ. ಅದರ ಹಿಂದೆ ನಿಂತು ಹೆಂಗಸರು ಕೆಳಗೆ ಕೂತ ನೆಂಟರನ್ನು ನೋಡುತ್ತಿದ್ದರಂತೆ. ನಾನೂ ಆ ಕಡೆಯಿಂದ ಇಣುಕಿದೆ. ಇಡೀ ಕೋಣೆ ಕಾಣುತ್ತದೆ, ನಾವು ಯಾರಿಗೂ ಕಾಣುವುದಿಲ್ಲ!

ಕಾಲಲ್ಲಿ ಶಕ್ತಿ ಇದ್ದರೆ ಏರು ಹತ್ತಿ 1812ರ ಝೆಕಾತೆ ಮನೆಗೂ ಹೋಗಿ. ಅಲ್ಲಿಂದ ಊರಿನ ಮಾಡುಗಳೆಲ್ಲ ಕಣ್ಣ ಕೆಳಗೇ ಇರುತ್ತವೆ, ಆಚೆ ದ್ರಿನೋ ಕಣಿವೆ. ಅಲ್ಬೇನಿಯಾವನ್ನು ಆಳಿದ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೊಜಾ ಹುಟ್ಟಿದ ಜಾಗದಲ್ಲಿರುವ ಮ್ಯೂಸಿಯಂ ಮರಳಿ ಕಟ್ಟಿದ ಮನೆ, ಹೊತ್ತಿಲ್ಲದಿದ್ದರೆ ಬಿಡಬಹುದು. ಕಾದಂಬರಿಕಾರ ಇಸ್ಮಾಯಿಲ್ ಕದಾರೆ ಕೂಡ ಇದೇ ಊರಿನವರು, ಅವರ ಮನೆಯನ್ನೂ ನೋಡಲು ಬಿಡುತ್ತಾರೆ.

ರಾತ್ರಿಗೆ ಹಳೇ ಊರಿನಲ್ಲೇ ರೂಮು ಹಿಡಿಯಿರಿ, ಕೆಳಗಿನ ಹೊಸ ಊರಿನಲ್ಲಿ ಬೇಡ. ಮನೆಗಳ ಟಿಕೆಟ್‌ಗೆ ಅಲ್ಲಿನ ಹಣ ಲೆಕ್ ನಗದಾಗಿ ಕೈಯಲ್ಲಿರಲಿ. ಪೇಟೆಬೀದಿಯ ಕಲ್ಲು ತುಳಿದೂ ತುಳಿದೂ ನುಣ್ಣಗಾಗಿದೆ, ಮಳೆ ಬಂದರೆ ಸಿಕ್ಕಾಪಟ್ಟೆ ಜಾರುತ್ತದೆ. ಹಿಡಿತ ಇರುವ ಶೂ ಹಾಕಿಕೊಂಡೇ ಹೋಗಿ.