ಪ್ಯಾಡಿನೊಳಗೆ ಏನಿದೆ?

(ಹಾವೇರಿ ಕಡೆಯ ಓದುಗರೊಬ್ಬರ ಪತ್ರ: "ಪ್ಯಾಡಿನಲ್ಲಿ ಕೆಮಿಕಲ್ ಇದೆ, ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಿನಲ್ಲಿ ಬಂತು. ಮಗಳಿಗೆ ಹದಿಮೂರು. ಮತ್ತೆ ಹಳೇ ಬಟ್ಟೆಗೇ ಹೋಗೋದಾ? ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ವಾ? ನನ್ನ ಹೆಸರು ಹಾಕಬೇಡಿ.")

ನಮಸ್ಕಾರ. ನಿಮ್ಮ ಪತ್ರ ಓದಿ, ಆಫೀಸಿನ ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ ಮುಟ್ಟಿನ ಪ್ಯಾಡಿನ ಒಂದು ಪ್ಯಾಕೆಟ್ ತಂದೆ. ಎಂದಿನಂತೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ತಿರುಗಿಸಿ ತಿರುಗಿಸಿ ಓದಿದೆ. ಬೆಲೆ ಇದೆ, ಸೈಜ್ ಇದೆ, ಘಮ ಇದೆ ಅಂತಲೂ ಇದೆ. ಆ ಘಮ ಯಾವುದರದ್ದು ಅಂತ ಇಲ್ಲ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್ಟೇ ಇದಕ್ಕಿಂತ ಜಾಸ್ತಿ ಹೇಳುತ್ತದೆ.

ಕತ್ತರಿ ಹಾಕಿದೆ. ಮೇಲೆ ಬಲೆಯಂಥ ಪ್ಲಾಸ್ಟಿಕ್ ಹಾಳೆ. ನಡುವೆ ಹತ್ತಿಯಂತೆ ಕಾಣುವ ಮರದ ತಿರುಳು, ಅದರಲ್ಲಿ ಸಣ್ಣ ಸಕ್ಕರೆಯಂಥ ಪುಡಿ. ನೀರು ಹಾಕಿದರೆ ಉಬ್ಬಿ ಜೆಲ್ಲಿಯಾಯಿತು. ಕೆಳಗೆ ಮತ್ತೊಂದು ಪ್ಲಾಸ್ಟಿಕ್, ಅಂಟು. ನಿಮ್ಮ ವಾಟ್ಸಾಪ್ ಸುದ್ದಿಯ ಬೇರು ಇಲ್ಲೆಲ್ಲೋ ಇದೆ. ಪ್ಲಾಸ್ಟಿಕ್ ಮೆತ್ತಗಾಗಲು, ಘಮ ಉಳಿಯಲು ಥ್ಯಾಲೇಟ್ ಎಂಬ ರಾಸಾಯನಿಕ ಬಳಸುವುದುಂಟು. ಕೆಲವು ಥ್ಯಾಲೇಟ್‌ಗಳು ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತವೆ. 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಎಂಬ ಪರಿಸರ ಸಂಸ್ಥೆ 10 ಬಗೆಯ ಪ್ಯಾಡ್ ಪರೀಕ್ಷಿಸಿತು. ಹತ್ತರಲ್ಲೂ ಥ್ಯಾಲೇಟ್ ಸಿಕ್ಕಿತು, ಜಾಸ್ತಿ ದುಡ್ಡು ಕೊಟ್ಟು ತರುವ 'ಆರ್ಗಾನಿಕ್' ಪ್ಯಾಡ್‌ಗಳಲ್ಲೂ.

ಹಾಗಂತ ಹೆದರಬೇಡಿ. ಸಿಕ್ಕ ಪ್ರಮಾಣ ಯುರೋಪಿನವರು ಸಾಮಾನ್ಯ ಪ್ಲಾಸ್ಟಿಕ್ ಸಾಮಾನಿಗೆ ಇಟ್ಟಿರುವ ಶೇ. 0.1ರ ಮಿತಿಗಿಂತ ಎಷ್ಟೋ ಕಡಿಮೆ. ಟಾಕ್ಸಿಕ್ಸ್ ಲಿಂಕ್‌ನವರು ನೋಡಿದ್ದು ಪ್ಯಾಡಿನಲ್ಲಿ ಏನಿದೆ ಅಂತ, ಬಳಸಿದವರಿಗೆ ಏನಾಯಿತು ಅಂತಲ್ಲ. ನನ್ನ ತಕರಾರು ಬೇರೆ. ಆ ಮಿತಿ ಪ್ಯಾಡಿಗಾಗಿಯೇ ಮಾಡಿದ್ದಲ್ಲ. ಆ ಜಾಗದ ಚರ್ಮ ಅಂಗೈ ಚರ್ಮದ ಹಾಗಲ್ಲ, ಬೇಗ ಹೀರಿಕೊಳ್ಳುತ್ತದೆ. ಅದೂ ತಿಂಗಳಿಗೆ ನಾಲ್ಕೈದು ದಿನ, ಮೂವತ್ತು ಮೂವತ್ತೈದು ವರ್ಷ.

ಸರ್ಕಾರಕ್ಕೆ ಗೊತ್ತಿಲ್ವಾ ಅಂದಿರಿ. 1969ರಲ್ಲೇ ಪ್ಯಾಡಿಗೆ ಐಎಸ್ 5405 ಎಂಬ ಭಾರತೀಯ ಮಾನದಂಡ ಬಂತು, 1980ರಲ್ಲಿ ಅದನ್ನು ತಿದ್ದಿದರು. ನಿಮಿಷಕ್ಕೆ 15 ಮಿ.ಲೀ.ನಂತೆ 30 ಮಿ.ಲೀ. ಬಣ್ಣದ ನೀರು ಸುರಿದರೆ ಪ್ಯಾಡ್ ಸೋರಬಾರದು, ಅದೇ ಮುಖ್ಯ ಪರೀಕ್ಷೆ. ಕಲೆ ಕಾಣಬಾರದಲ್ಲ! 2019ರಲ್ಲಿ ತಿದ್ದಿದಾಗ ರೋಗಾಣು, ಚರ್ಮದ ಕೆರೆತದ ಪರೀಕ್ಷೆಗಳು ಸೇರಿದವು. ಥ್ಯಾಲೇಟಿಗೆ ಮಿತಿ ಬರಲಿಲ್ಲ. ದಕ್ಷಿಣ ಕೊರಿಯಾದಲ್ಲಿ 2017ರಲ್ಲಿ ಇದೇ ಗಲಾಟೆ ಎದ್ದಿತು. ಹೆಂಗಸರು ಬಿಡಲಿಲ್ಲ. 2018ರ ಅಕ್ಟೋಬರಿನಿಂದ ಒಳಗಿರುವುದನ್ನೆಲ್ಲ ಪ್ಯಾಕೆಟ್ ಮೇಲೆ ಬರೆಯಲೇಬೇಕೆಂದಾಯಿತು.

ನಮ್ಮಲ್ಲಿ ಶುರು ಮಾಡಬೇಕಾದದ್ದು ಶುಚಿ ಯೋಜನೆಯಿಂದ ಅಂತ ನನಗನ್ನಿಸುತ್ತದೆ. ಶಾಲೆ ಮಕ್ಕಳಿಗೆ ಕೊಡುವ ಪ್ಯಾಡನ್ನು ಸರ್ಕಾರವೇ ಟೆಂಡರ್ ಕರೆದು ಕೊಳ್ಳುತ್ತದೆ. 'ಒಳಗೇನಿದೆ ಬರೆದುಕೊಡಿ, ಲ್ಯಾಬ್ ವರದಿ ಲಗತ್ತಿಸಿ' ಎಂಬ ಎರಡು ಸಾಲು ಟೆಂಡರಿಗೆ ಸೇರಿಸಲು ಹೊಸ ಕಾನೂನು ಬೇಕಾ?

ಮಗಳ ವಿಷಯ. ಘಮದ ಪ್ಯಾಡ್ ತರಬೇಡಿ. ನಾಲ್ಕೈದು ಗಂಟೆಗೊಮ್ಮೆ ಬದಲಿಸಲಿ. ಬಟ್ಟೆಯೂ ಆದೀತು, ಸೋಪು ಹಾಕಿ ತೊಳೆದು ಬಿಸಿಲಲ್ಲಿ ಒಣಗಿಸುವುದಾದರೆ. ಬಚ್ಚಲ ಮೂಲೆಯಲ್ಲಿ ಇನ್ನೊಂದು ಬಟ್ಟೆಯ ಕೆಳಗೆ ಮುಚ್ಚಿ ಒಣಗಿಸುವುದಾದರೆ ಬೇಡ, ಪ್ಯಾಡೇ ವಾಸಿ.

ಹೆಸರು ಹಾಕಿಲ್ಲ.

— ಸಂ.