ಎಣಿಸಿ ನೋಡುವವರು ಬೇಕು

ಜಗಳೂರಿನ ಓದುಗರೊಬ್ಬರ ಪತ್ರ: ‘ಅಮೆರಿಕ, ರಷ್ಯಾದ ಅಣ್ವಸ್ತ್ರ ಮಾತುಕತೆಗೆ ಎರಡು ಪುಟ ಕೊಟ್ಟಿದ್ದೀರಿ. ಮೆಕ್ಕೆಜೋಳದ ದರಕ್ಕೆ ಅರ್ಧ ಕಾಲಂ. ಒಬ್ಬರನ್ನೊಬ್ಬರು ನಂಬದವರು ಕೂತು ಮಾತಾಡಿದರೆ ಏನು ಬಂತು? ನಮಗೂ ಅದಕ್ಕೂ ಏನು ಸಂಬಂಧ?’

ಸಂಪಾದಕರ ಉತ್ತರ:

ನಮಸ್ಕಾರ. ನಂಬದವರ ಮಾತುಕತೆ ಹೇಗೆ ನಡೆಯುತ್ತದೆ ಅನ್ನುವುದನ್ನು ನೀವು ನಮ್ಮ ದಾವಣಗೆರೆ ಎಪಿಎಂಸಿಯಲ್ಲೇ ನೋಡಿರುತ್ತೀರಿ. ಕಾಳು ಒಣಗಿದೆ ಅಂತ ನೀವು ಹೇಳಿದ ಮಾತ್ರಕ್ಕೆ ಖರೀದಿದಾರರು ದುಡ್ಡು ಕೊಡುವುದಿಲ್ಲ. ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ಅಂಗೈಗೆ ಸುರಿದುಕೊಳ್ಳುತ್ತಾರೆ, ಒಂದನ್ನು ಹಲ್ಲಲ್ಲಿ ಕಡಿದು ನೋಡುತ್ತಾರೆ. ನೀವೂ ಅಷ್ಟೇ, ತೂಕ ಮುಗಿಯುವವರೆಗೆ ತಕ್ಕಡಿ ಬಿಟ್ಟು ಕದಲುವುದಿಲ್ಲ, ಅಲ್ವಾ?

2010ರಲ್ಲಿ ಪ್ರಾಗ್‌ನಲ್ಲಿ ಆಗಿನ ಅಧ್ಯಕ್ಷರಾದ ಅಮೆರಿಕದ ಒಬಾಮಾ, ರಷ್ಯಾದ ಮೆಡ್ವೆಡೆವ್ ಸಹಿ ಹಾಕಿದ ‘ನ್ಯೂ ಸ್ಟಾರ್ಟ್’ ಒಪ್ಪಂದವೂ ಇಂಥದ್ದೇ. ದಾಳಿಗೆ ಸಜ್ಜಾಗಿಟ್ಟ ದೂರಗಾಮಿ ಸಿಡಿತಲೆ, ಅಂದರೆ ಅಣುಬಾಂಬು, ತಲಾ 1,550 ಮೀರಬಾರದು ಅಂತ ಅದರಲ್ಲಿತ್ತು. ವರ್ಷಕ್ಕೆ 18 ಸಲ ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ನೋಡಬಹುದಿತ್ತು. ಕ್ಷಿಪಣಿಯ ಮೂತಿ ಬಿಚ್ಚಿಸುತ್ತಿದ್ದರು. ಗುಟ್ಟು ಕಾಣದಂತೆ ಸಿಡಿತಲೆಗಳ ಮೇಲೆ ಹೊದಿಕೆ ಇರುತ್ತಿತ್ತು. ಬಂದವರು ಅದರಡಿಯ ಉಬ್ಬುಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದರು. ಹೀಗೆ 328 ತಪಾಸಣೆ ನಡೆದವು.

2020ರಲ್ಲಿ ಕೋವಿಡ್ ಬಂದು ಅವು ನಿಂತವು, ಮತ್ತೆ ಶುರುವಾಗಲಿಲ್ಲ. 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. 2026ರ ಫೆಬ್ರುವರಿ 5ಕ್ಕೆ ಅದರ ಅವಧಿಯೂ ಮುಗಿಯಿತು. ನನಗೆ ಹೆದರಿಕೆ ಇರುವುದು ಇಲ್ಲೇ. ಬಾಂಬುಗಳು ಮೊದಲೂ ಇದ್ದವು, ಈಗ ಹೋಗಿ ಎಣಿಸುವವರು ಇಲ್ಲ. ಲೆಕ್ಕ ಸಿಗದಿದ್ದರೆ ಎದುರಿನವರ ಹತ್ತಿರ ಜಾಸ್ತಿ ಇದೆ ಅಂತಲೇ ಅಂದುಕೊಳ್ಳುತ್ತಾರೆ, ತಾವೂ ಹೆಚ್ಚಿಸಲು ಹೊರಡುತ್ತಾರೆ.

ಏನು ಬಂತು ಅಂದಿರಿ. 1986ರ ಹೊತ್ತಿಗೆ ಲೋಕದಲ್ಲಿ ಸುಮಾರು 70,000 ಸಿಡಿತಲೆಗಳಿದ್ದವು. ಈಗ 12,000ದ ಆಸುಪಾಸು. ಅದು ಸುಮ್ನೆ ಇಳಿದದ್ದಲ್ಲ. ರಷ್ಯಾದ ಬಾಂಬುಗಳಿಂದ ಬಂದ 500 ಟನ್ ಯುರೇನಿಯಂ ಅನ್ನು ಹದ ತಗ್ಗಿಸಿ, 2013ರವರೆಗೆ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಮಾರಿದರು. ಸುಮಾರು 20,000 ಬಾಂಬಿಗೆ ಆಗುವಷ್ಟು ಸರಕು ಅದು! ಅಲ್ಲಿ ಹತ್ತರಲ್ಲಿ ಒಂದು ಬಲ್ಬು ಅದರಿಂದಲೇ ಉರಿಯಿತು. ನನಗಂತೂ ಇದು ಸಣ್ಣ ಸಂಗತಿ ಅನಿಸುವುದಿಲ್ಲ.

ಇನ್ನು ನಮಗೇನು ಸಂಬಂಧ ಅನ್ನುವುದು. ಅಣುಯುದ್ಧದಲ್ಲಿ ಊರೂರೇ ಹೊತ್ತಿ ಉರಿದರೆ ಹೊಗೆ ಮೇಲೇರಿ ಬಿಸಿಲನ್ನೇ ತಡೆಯುತ್ತದೆ, ವರ್ಷಗಟ್ಟಲೆ ಮಳೆ ಕಡಿಮೆಯಾಗುತ್ತದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಜಗಳೂರಿನಲ್ಲಿ ಒಂದು ಹದ ಮಳೆ ತಪ್ಪಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮೆಕ್ಕೆಜೋಳಕ್ಕೆ ಅರ್ಧ ಕಾಲಂ ಸಾಲದು, ಅದು ನಮ್ಮ ತಪ್ಪೇ. ಮುಂದಿನ ಸಂಚಿಕೆಯಿಂದ ಒಂದು ಪುಟ ಕೊಡುತ್ತೇವೆ. ನಿಮ್ಮ ಕಡೆ ಕ್ವಿಂಟಲ್ ಎಷ್ಟಕ್ಕೆ ಹೋಯಿತು, ಬರೆದು ಕಳಿಸಿ.