ಬಾಟಲಿಯಿಂದ ಅಗ್ಗದ ಇಂಕು ಸುರಿದು ತುಂಬುವ ಇಂಕ್ ಟ್ಯಾಂಕ್ ಪ್ರಿಂಟರ್ ಮಾರಿದರೆ ಕಂಪನಿಗೆ ನಷ್ಟವಾಗುವುದಿಲ್ಲವೇ?

ಆಗುವುದಿಲ್ಲ, ಲಾಭ ಬರುವ ಜಾಗ ಬದಲಾಗುತ್ತದೆ ಅಷ್ಟೆ. ಹಿಂದೆ ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು, ಆಮೇಲೆ ಇಂಕು ತುಂಬಿದ ಡಬ್ಬಿ, ಅಂದರೆ ಕಾರ್ಟ್ರಿಜ್‌ನಲ್ಲಿ ಕಾಸು ವಸೂಲಿ ಮಾಡುತ್ತಿದ್ದರು. ಜನರೇನು ಸುಮ್ಮನಿದ್ದರೇ? ಪಕ್ಕದಲ್ಲಿ ಬಾಟಲಿ ಇಟ್ಟು, ಸಣ್ಣ ಪೈಪು ಎಳೆದು, ಬೇರೆಯವರ ಇಂಕು ಹರಿಸಿದರು. ಇಂಡೋನೇಷ್ಯಾದಲ್ಲಿ ಇದು ಜೋರಾಗಿತ್ತು. ಪ್ರಿಂಟರ್ ಕಂಪನಿ ಎಪ್ಸನ್ 2010ರಲ್ಲಿ ಅಲ್ಲೇ ಮೊದಲು ಟ್ಯಾಂಕ್ ಪ್ರಿಂಟರ್ ಬಿಟ್ಟಿತು. ಯಂತ್ರಕ್ಕೇ ಹೆಚ್ಚು ಬೆಲೆ, ಇಂಕು ಅಗ್ಗ. ಅವರ 003 ಎಂಬ ಕಪ್ಪು ಇಂಕಿನ ಬಾಟಲಿಯಲ್ಲಿರುವುದು 65 ಮಿಲಿ. ಕಂಪನಿಯ ಲೆಕ್ಕದಲ್ಲಿ ಸುಮಾರು 4,500 ಪುಟ. ಅಷ್ಟಕ್ಕೆ ಸಣ್ಣ ಕಾರ್ಟ್ರಿಜ್ ಬಳಸಿದ್ದರೆ ರಾಶಿ ಪ್ಲಾಸ್ಟಿಕ್ ಡಬ್ಬಿ ಕಸಕ್ಕೆ ಹೋಗುತ್ತಿತ್ತು. ಹಾಗಂತ ಪೂರ್ತಿ ಪರಿಸರಸ್ನೇಹಿ ಅನ್ನಲಾರೆ: ಇಂಕು ಚಿಮ್ಮಿಸುವ ಹೆಡ್ ಕ್ಲೀನ್ ಮಾಡಿದಾಗಲೆಲ್ಲ ಒಂದಷ್ಟು ಇಂಕು ಒಳಗಿನ ಪ್ಯಾಡಿಗೆ ವ್ಯರ್ಥವಾಗಿ ಇಳಿಯುತ್ತದೆ. ಯಂತ್ರಕ್ಕೇ ಹೆಚ್ಚು ಬೆಲೆಯಾದ್ದರಿಂದ, ತಿಂಗಳಿಗೆ ನಾಲ್ಕೇ ಪುಟ ತೆಗೆಯುವವರಿಗೆ ಜೆರಾಕ್ಸ್ ಅಂಗಡಿಯೇ ವಾಸಿ.